ಗೌರಮ್ಮನವರ ಕೂರಿಗೆ ಬಟ್ಟಲು

ಬೆಕ್ಕು ಅಡ್ಡ ಬಂದರೆ ನಮ್ಮ ಮನೆಯವರೆಲ್ಲ ನಿಂತು ಹೋಗುವವರು. ನಾನೊಬ್ಬಳು ಬೆಕ್ಕಿಗಿಂತ ಮೊದಲೇ ದಾಟಿಬಿಡುವವಳು. ಶಕುನ, ದೃಷ್ಟಿ, ಮೈಮೇಲೆ ಬರುವುದು ಅಂತ ಯಾರಾದರೂ ಶುರು ಮಾಡಿದರೆ ನನಗೆ ನಗು ತಡೆಯಲಾಗುತ್ತಿರಲಿಲ್ಲ. "ಲೆಕ್ಕ ತಪ್ಪಿದವರು ಪವಾಡ ಅಂತಾರೆ" ಎಂದು ತರಗತಿಯಲ್ಲಿ ದೊಡ್ಡದಾಗಿ ಭಾಷಣ ಬಿಗಿದವಳೂ ನಾನೇ. ಆ ಮಾತನ್ನು ಈಗ ಆಡುವುದು ಬಿಟ್ಟಿದ್ದೇನೆ. ಹಾಗಂತ ವಾರಕ್ಕೆರಡು ಉಪವಾಸ ಹಿಡಿದಿದ್ದೇನೆ ಅಂದುಕೊಳ್ಳಬೇಡಿ. ಕೆಲವು ವರ್ಷಗಳ ಹಿಂದೆ ನಡೆದದ್ದನ್ನು ಇದ್ದದ್ದು ಇದ್ದ ಹಾಗೆ ಹೇಳುತ್ತೇನೆ. ನಿಮಗೇನಾದರೂ ಹೊಳೆದರೆ ನನಗೂ ತಿಳಿಸಿ, ಪುಣ್ಯ ಬರುತ್ತದೆ.

ನಾನು ಶಿಕಾರಿಪುರದ ಕಾಲೇಜೊಂದರಲ್ಲಿ ಎಂಜಿನಿಯರಿಂಗ್ ಪಾಠ ಮಾಡುವವಳು. ಪಿಎಚ್.ಡಿ.ಗೆ ಆರಿಸಿಕೊಂಡದ್ದು ಕಂಪ್ಯೂಟರಿನಲ್ಲಿ ವಸ್ತುಗಳ ಮೂರು ಆಯಾಮದ ಆಕಾರ ಕಟ್ಟುವ ವಿಷಯ. ಕೇಳಲು ದೊಡ್ಡದು, ಕೆಲಸ ಸರಳ. ಒಂದು ವಸ್ತುವಿನ ಸುತ್ತಲೂ ಹತ್ತಾರು ಫೋಟೋ ತೆಗೆದು ಕೊಟ್ಟರೆ, ಕಂಪ್ಯೂಟರು ಅವನ್ನೆಲ್ಲ ಒಂದಕ್ಕೊಂದು ತಾಳೆ ಹಾಕಿ ಆ ವಸ್ತುವನ್ನು ಪರದೆಯ ಮೇಲೆ ನಿಲ್ಲಿಸುತ್ತದೆ. ತಿರುಗಿಸಿ ನೋಡಬಹುದು, ಅಳೆಯಬಹುದು, ಯಂತ್ರಕ್ಕೆ ಕೊಟ್ಟು ಮರದಲ್ಲಿ ಕೆತ್ತಿಸಲೂಬಹುದು. ಒಂದು ಮಾತು ಮಾತ್ರ ನೆನಪಿಟ್ಟುಕೊಳ್ಳಿ: ಫೋಟೋದಲ್ಲಿ ಇಲ್ಲದ್ದು ಪರದೆಗೆ ಬರುವುದಿಲ್ಲ.

ಜೊತೆಯವರೆಲ್ಲ ಗಿಯರು, ಪಂಪು ಎಂದು ಓಡಾಡುವಾಗ ನಾನು ಹಿಡಿದದ್ದು ಕೂರಿಗೆ ಬಟ್ಟಲನ್ನು. ನಮ್ಮ ಕಡೆ ಭತ್ತವನ್ನೂ ಕೂರಿಗೆಯಲ್ಲೇ ಬಿತ್ತುತ್ತಾರೆ. ಎತ್ತು ಎಳೆಯುವ ಕೂರಿಗೆಯ ಮೇಲೊಂದು ಮರದ ಬಟ್ಟಲು, ಅದರ ತಳದಲ್ಲಿ ನಾಲ್ಕು ತೂತು, ಒಂದೊಂದಕ್ಕೂ ಒಂದೊಂದು ಬಿದಿರಿನ ಕೊಳವೆ. ಹೆಂಗಸರು ಹಿಂದೆ ನಡೆಯುತ್ತ ಮುಷ್ಟಿಯಿಂದ ಬೀಜ ಬಿಟ್ಟರೆ ನಾಲ್ಕು ಸಾಲಿಗೂ ಸಮನಾಗಿ ಇಳಿಯುತ್ತದೆ. ಸ್ಕೇಲು, ಕಂಪಾಸು ಮುಟ್ಟದ ಬಡಿಗರು ಆ ಬಟ್ಟಲಿನ ಬಾಗನ್ನು ಹೇಗೆ ಹಿಡಿದರು ಎನ್ನುವುದು ನನ್ನ ಪ್ರಶ್ನೆ. ನನ್ನ ಮಾರ್ಗದರ್ಶಕರು ಮೊದಲು ನಕ್ಕರು, ಆಮೇಲೆ ತಲೆ ಕೆರೆದುಕೊಂಡರು, ಕೊನೆಗೆ ಒಪ್ಪಿದರು.

ಅತ್ಯುತ್ತಮ ಬಟ್ಟಲು ಗೌರಮ್ಮನವರ ಮನೆಯಲ್ಲಿದೆ ಎಂದು ಹತ್ತು ಜನ ಹೇಳಿದ್ದರು. ಸೊರಬ ತಾಲ್ಲೂಕಿನಲ್ಲಿ, ಕುಬಟೂರಿನ ಹತ್ತಿರ ಅವರ ಹಳ್ಳಿ. ಎಪ್ಪತ್ತು ದಾಟಿದ ಹೆಂಗಸು, ಆದರೆ ಮನೆಗೂ ಹೊಲಕ್ಕೂ ಅವರದೇ ಆಡಳಿತ. ಮಗ ಹಾಲಪ್ಪನಿಗೆ ಐವತ್ತಾದರೂ ಅವ್ವನ ಮುಂದೆ ಧ್ವನಿ ಏರುತ್ತಿರಲಿಲ್ಲ. ಆ ಮನೆಯ ಪದ್ಧತಿ ಎಂದರೆ ಬಟ್ಟಲನ್ನು ಬೇರೆಯವರ ಹೊಲಕ್ಕೆ ಕೊಡುವುದೂ ಇಲ್ಲ, ಬೇರೆಯವರದನ್ನು ತಂದು ಬಿತ್ತುವುದೂ ಇಲ್ಲ.

"ಬಟ್ಟಲು ಹೊಸ್ತಿಲು ದಾಟಾಂಗಿಲ್ಲ ತಂಗಿ. ಅದೆಂತ ಫೋಟೋ ಹೊಡಿತೀಯೋ ಇಲ್ಲೇ ಪಡಸಾಲೇಲಿ ಹೊಡ್ಕ" ಎಂದರು ಗೌರಮ್ಮ.

ಅಲ್ಲಿಯವರೆಗೆ ಎಲ್ಲ ಚೆನ್ನಾಗಿತ್ತು. ಆಮೇಲೆ ನನ್ನ ಅತಿ ಜಾಣತನ ಶುರುವಾಯಿತು. ಬಟ್ಟಲನ್ನು ಒಂದೇ ಸಮನೆ ತಿರುಗಿಸುತ್ತ ಫೋಟೋ ತೆಗೆಯಬೇಕು. ಮೂಲೆಯಲ್ಲಿ ಬೀಸುವ ಕಲ್ಲು ಕಂಡಿತು. ತಿರುಗುವ ಪೀಠ ಪುಕ್ಕಟೆ ಸಿಕ್ಕಿತಲ್ಲ ಎಂದು ಹಿಗ್ಗಿ, ಅದರ ಮೇಲೆ ಬಟ್ಟಲಿಟ್ಟು ಗೂಟ ಹಿಡಿದು ತಿರುಗಿಸಿದೆ. ಇನ್ನೂ ಒಂದು ಫೋಟೋ ತೆಗೆದಿರಲಿಲ್ಲ. ಬಟ್ಟಲು ಜಾರಿ ಹೋಗಿ ಕಲ್ಲಿನ ಮೆಟ್ಟಿಲಿಗೆ ಬಡಿಯಿತು. ಹಳೆಯ ಬಿರುಕು ಇತ್ತಂತೆ, ಅಲ್ಲಿಗೆ ಸರಿಯಾಗಿ ಕಾಲು ಭಾಗ ಸಿಡಿದು ಬಂತು.

ನನಗೆ ಅಳುವೇ ಬಂತು. ಗೌರಮ್ಮ ಚೂರನ್ನು ಎತ್ತಿ ನನ್ನ ಕೈಗಿಟ್ಟು, "ಹೋಗ್ಲಿ ಬಿಡು, ಅಂಟು ಹಚ್ಚಿ ತಂತಿ ಕಟ್ಟಿದ್ರಾತು. ನೀ ಬಾ, ಚಾ ಕುಡಿ" ಎಂದು ಒಳಗೆ ಕರೆದುಕೊಂಡು ಹೋದರು. ಚೂರನ್ನು ಬಾಗಿಲ ಪಕ್ಕ ಇಟ್ಟು ಹೋದೆ. ಚಹಾ ಮುಗಿಸಿ ಬಂದರೆ ಚೂರಿಲ್ಲ! ಹೊಲದಿಂದ ಬಂದ ಹಾಲಪ್ಪ ಸ್ನಾನಕ್ಕೆ ನೀರು ಕಾಯಿಸಲು ಬಚ್ಚಲ ಒಲೆ ಹಚ್ಚಿದ್ದ. ಬಾಗಿಲಲ್ಲಿ ಬಿದ್ದ ಮರದ ಚೂರು ಅವನ ಕಣ್ಣಿಗೆ ಸೌದೆಯಾಗಿ ಕಂಡಿತ್ತು.

"ಒಣಗಿದ್ ಚೆಕ್ಕೆ ಇತ್ತಲ್ಲವ್ವಾ ಅಂತ ಹಾಕ್ದೆ" ಎಂದ ಪಾಪ, ಮೈತುಂಬ ಸೋಪು ಮೆತ್ತಿಕೊಂಡು.

"ನಿನ್ ಬುದ್ಧಿಗಿಷ್ಟು ಬೆಂಕಿ ಹಾಕ!" ಎಂದರು ಗೌರಮ್ಮ. ಕೆದಕಿ ನೋಡಿದರೆ ಬರೀ ಕೆಂಡ. ಅಲ್ಲಿಂದ ಮುಂದೆ ಮಗನ ಜೊತೆ ಮಾತು ಬಂದ್.

ಸಂಕಟ ಬಟ್ಟಲಿನದಷ್ಟೇ ಅಲ್ಲ. ಹಿಂದಿನ ದಿನ ಮಳೆ ಬಿದ್ದು ಹೊಲ ಹದಕ್ಕೆ ಬಂದಿತ್ತು, ಮೂರು ದಿನದಲ್ಲಿ ಬಿತ್ತಲೇಬೇಕು. ಎತ್ತು ಮಾರಿ ಟ್ರ್ಯಾಕ್ಟರಿನಲ್ಲಿ ಬಿತ್ತಿಸೋಣ ಎಂದು ಹಾಲಪ್ಪ ಎರಡು ವರ್ಷದಿಂದ ಹೇಳುತ್ತಿದ್ದ. ತಮ್ಮ ಕೈ ನಡೆಯುವ ತನಕ ಬೇಡ ಎಂದು ಗೌರಮ್ಮ ತಡೆದಿದ್ದರು. ಈಗ ಬಟ್ಟಲೇ ಇಲ್ಲ. ಹೊಸದು ಕೊರೆಯುವ ಬಡಿಗರೂ ಇಲ್ಲ, ಇರುವವರೆಲ್ಲ ಕಿಟಕಿ, ಮಂಚದ ಕೆಲಸಕ್ಕೆ ಇಳಿದಿದ್ದಾರೆ. ಗೌರಮ್ಮ ನನ್ನನ್ನು ಬೈಯಲಿಲ್ಲ. "ಈ ಸಲ ಕೈ ಬಿಟ್ರೆ ಮತ್ತೆ ಹಿಡಿಯೋದಾಗಲ್ಲ ತಂಗಿ. ನಲವತ್ತೈದು ವರ್ಷ ಬಿತ್ತೀನಿ, ಸಾಕಾತೇನೋ" ಎಂದರು ಅಷ್ಟೇ. ಬೈದಿದ್ದರೆ ಚೆನ್ನಾಗಿತ್ತು.

"ಮೂರನೇ ದಿನ ಬೆಳಿಗ್ಗೆ ಬಟ್ಟಲು ತಂದು ನಿಮ್ಮ ಕೈಗೆ ಕೊಡ್ತೀನಿ ಅಮ್ಮಾ" ಎಂದುಬಿಟ್ಟೆ. ಉಳಿದ ಮುಕ್ಕಾಲು ಬಟ್ಟಲಿನ ಅರವತ್ತು ಫೋಟೋ ತೆಗೆದುಕೊಂಡು ಹೊರಟೆ. ಕಾಣೆಯಾದ ಭಾಗವನ್ನು ಲೆಕ್ಕದಿಂದ ತುಂಬುವ ಒಂದು ಪ್ರೋಗ್ರಾಂ ನನ್ನ ಬಳಿ ಇತ್ತು. ಆದರೆ ಅದು ತುಂಬುವುದು ಬಟ್ಟೆ ಬಿಗಿದು ಕಟ್ಟಿದ ಹಾಗೆ, ನುಣ್ಣಗೆ. ನಾಲ್ಕನೇ ತೂತು ಎಲ್ಲಿತ್ತು ಎಂದು ಅದಕ್ಕೆಲ್ಲಿ ಗೊತ್ತು? ದಾರಿಯುದ್ದಕ್ಕೂ ಇದೇ ಚಿಂತೆ.

ಮರುದಿನ ಮಧ್ಯಾಹ್ನ ಕಾಲೇಜಿನಲ್ಲಿ ಅರವತ್ತೂ ಫೋಟೋಗಳನ್ನು ಒಂದೊಂದಾಗಿ ನೋಡಿದೆ. ಎಲ್ಲದರಲ್ಲೂ ಬಾಯಿ ಮುರಿದ ಬಟ್ಟಲೇ. ಕಂಪ್ಯೂಟರಿಗೆ ಕೊಟ್ಟು, ಕೋಣೆಗೆ ಬೀಗ ಹಾಕಿ ಊಟಕ್ಕೆ ಹೋದೆ. ಒಂದು ಗಂಟೆಯ ನಂತರ ಬಂದು ನೋಡಿದರೆ ಪರದೆಯ ಮೇಲೆ ಇಡೀ ಬಟ್ಟಲು ನಿಂತಿತ್ತು.

ಹೌದ್ರೀ, ಇಡೀ ಬಟ್ಟಲು. ಬೇರೆ ಯಾವುದೋ ಫೈಲು ತೆರೆದಿದ್ದೇನೆ ಎಂದುಕೊಂಡೆ. ಅಲ್ಲ, ಅದೇ ಬಟ್ಟಲು, ಅದೇ ಬಿರುಕು. ಆ ಬಿರುಕಿನ ಆಚೆಗೆ, ಒಲೆಯಲ್ಲಿ ಬೂದಿಯಾದ ಭಾಗವೂ ಇತ್ತು. ಅದರಲ್ಲಿ ನಾಲ್ಕನೇ ತೂತಿತ್ತು, ಉಳಿದ ಕಡೆ ಇದ್ದಂಥವೇ ಉಳಿಯ ಗುರುತುಗಳಿದ್ದವು. ತುಂಬುವ ಪ್ರೋಗ್ರಾಂ ತೆರೆದೇ ಇರಲಿಲ್ಲ, ಕಂಪ್ಯೂಟರಿನ ದಾಖಲೆಯೂ ಹಾಗೇ ಹೇಳುತ್ತಿತ್ತು. ಫೈಲನ್ನು ಉಳಿಸಿಕೊಂಡು, ಅದೇ ಫೋಟೋಗಳನ್ನು ಮತ್ತೆ ಕೊಟ್ಟೆ. ಈ ಸಲ ಮುರಿದ ಬಟ್ಟಲು ಬಂತು. ಮತ್ತೊಮ್ಮೆ ಕೊಟ್ಟೆ, ಮುರಿದದ್ದೇ. ಮಾರ್ಗದರ್ಶಕರಿಗೆ ಫೋನ್ ಮಾಡಿದರೆ "ಊಟದ ಅವಸರದಲ್ಲಿ ಏನೋ ಒತ್ತಿರ್ತೀಯ" ಎಂದರು. ಏನು ಒತ್ತಿದರೆ ಹಾಗಾಗುತ್ತದೆ ಎಂದು ಕೇಳಿದ್ದಕ್ಕೆ "ಅದನ್ನ ನೀನೇ ಕಂಡುಹಿಡಿ" ಎಂದು ಫೋನಿಟ್ಟರು.

ಹೊಸದಾಗಿ ಬಂದ ಭಾಗದ ಅಂಚಿನಲ್ಲಿ ಒಂದು ಸಣ್ಣ ಕುಳಿ ಇತ್ತು, ಓರೆಯಾಗಿ, ಅಸಡ್ಡಾಳವಾಗಿ. ಅದನ್ನು ನಾನು ಕಂಪ್ಯೂಟರಿನ ತಪ್ಪು ಎಂದುಕೊಂಡೆ. ಇಷ್ಟೆಲ್ಲ ಆದಮೇಲೂ ನನ್ನ ಬುದ್ಧಿ ನೋಡಿ! ಅದನ್ನು ಅಳಿಸಿ ನುಣ್ಣಗೆ ಮಾಡಲು ಹೊರಟಿದ್ದೆ, ಅಷ್ಟರಲ್ಲಿ, ಬಟ್ಟಲು ಕೆತ್ತಿಸಲು ನಾನು ಬೆಳಿಗ್ಗೆಯೇ ಹೇಳಿಟ್ಟಿದ್ದ, ಬಾಗಿಲು ಕೆತ್ತುವ ಯಂತ್ರದ ಅಂಗಡಿಯವರು ಫೋನ್ ಮಾಡಿದರು. "ಮೇಡಂ, ಏಳಕ್ಕ ಕರೆಂಟ್ ತಗೀತಾರಂತ್ರೀ. ಬರೋದಾದ್ರ ಈಗ್ಲೇ ಬರ್ರಿ." ಹೇಗಿತ್ತೋ ಹಾಗೇ ಫೈಲು ಹಿಡಿದು ಓಡಿದೆ. ಅವರು ಹೊನ್ನೆ ಮರದ ತುಂಡನ್ನು ಯಂತ್ರಕ್ಕೆ ಬಿಗಿಯುತ್ತ, "ಲಕ್ಷ್ಮಿ ಕೆತ್ತೀನಿ, ಗಣಪತಿ ಕೆತ್ತೀನಿ, ಬಟ್ಟಲು ಮಾತ್ರ ನೀವೇ ಮೊದಲು ನೋಡ್ರಿ" ಎಂದು ನಕ್ಕರು.

ಮೂರನೇ ದಿನ ಬೆಳಿಗ್ಗೆ ಏಳಕ್ಕೆಲ್ಲ ಹಳ್ಳಿಯಲ್ಲಿದ್ದೆ. ಎತ್ತಿನ ಕೊರಳಿಗೆ ನೊಗ ಏರಿತ್ತು. ಒಂದು ಪಕ್ಕದಲ್ಲಿ ಹಾಲಪ್ಪ ಟ್ರ್ಯಾಕ್ಟರಿನವನ ನಂಬರು ತೆಗೆದು ಫೋನು ಹಿಡಿದೇ ನಿಂತಿದ್ದ. ಗೌರಮ್ಮ ಹೊಸ ಬಟ್ಟಲಿಗೆ ಅರಿಶಿನ ಕುಂಕುಮ ಹಚ್ಚಿ, ಹೂವಿಟ್ಟು, ಕೂರಿಗೆಗೆ ಕೂರಿಸಿದರು. ನಂತರ, ದಿನಾ ಮಾಡುವ ಕೆಲಸದ ಹಾಗೆ, ನೋಡದೆಯೇ ಅಂಚನ್ನು ಹಿಡಿದರು.

ಹಿಡಿದವರು ಹಾಗೇ ನಿಂತುಬಿಟ್ಟರು. ಹತ್ತಿರ ಹೋಗಿ ನೋಡಿದೆ. ಅವರ ಬಲಗೈ ಹೆಬ್ಬೆರಳು ಹರೆಯದಲ್ಲಿ ಕುಡುಗೋಲು ತಾಗಿ ಸೊಟ್ಟಗಾದದ್ದು. ಆ ಸೊಟ್ಟ ಹೆಬ್ಬೆರಳು ನಾನು ಅಳಿಸಲು ಹೊರಟಿದ್ದ ಓರೆ ಕುಳಿಯಲ್ಲಿ ಒಂದು ಎಳೆಯಷ್ಟೂ ಜಾಗ ಬಿಡದೆ ಕೂತಿತ್ತು.

"ಸಾಲು ತಿರುಗೋವಾಗ ಇಲ್ಲೇ ಹಿಡ್ಕತಿದ್ದೆ" ಎಂದರು ಮೆಲ್ಲಗೆ. "ಹಿಡಿದೂ ಹಿಡಿದೂ ಸವೆದಿತ್ತು. ಇದನ್ನ ನಿಂಗೆ ಯಾರ್ ಹೇಳಿದ್ರು?"

"ಯಾರೂ ಹೇಳಲಿಲ್ಲ ಅಮ್ಮಾ."

ಅವರು ನನ್ನ ಮುಖ ನೋಡಿದರು. ಆಮೇಲೆ ನಗಲು ಶುರು ಮಾಡಿದರು, ಕಣ್ಣಲ್ಲಿ ನೀರು ಬರುವ ತನಕ ನಕ್ಕರು. ಎರಡು ದಿನದ ಮೇಲೆ ಮಗನ ಹೆಸರು ಬಾಯಿಗೆ ಬಂತು: "ಎಂತ ನೋಡ್ತೀಯೋ ಹಾಲಪ್ಪ, ಫೋನ್ ಒಳಗಿಡು, ಎತ್ತು ಹೊಡಿ! ಗುಡವಿ ಕೆರೆಗೆ ಮಳೆಗಾಲದ ಹಕ್ಕಿ ಇಳಿಯೋದ್ರೊಳಗೆ ಪೈರು ಮೊಣಕಾಲುದ್ದ ಆಗ್ಬೇಕು." ಅವ್ವ ಮಾತಾಡಿಸಿದ್ದೇ ಸಾಕೆಂಬಂತೆ ಅವನು ಎತ್ತುಗಳಿಗಿಂತ ಮುಂದೆ ಓಡಿದ. ಅಷ್ಟು ಸಂತೋಷದ ಬೆಳಗನ್ನು ನಾನು ಹೆಚ್ಚು ಕಂಡಿಲ್ಲ. ಕೆಲವು ದಿನದ ಮೇಲೆ ಹೋಗಿ ನೋಡಿದಾಗ ನಾಲ್ಕು ಸಾಲೂ ಒಂದೇ ಸಮ ಹುಟ್ಟಿದ್ದವು. ಹೋಳಿಗೆ ಊಟವೂ ಆಯಿತು, ಬಡಿಸಿದವನು ಹಾಲಪ್ಪ.

ಪ್ರಬಂಧದಲ್ಲಿ ಬೇರೆಲ್ಲ ಬಟ್ಟಲುಗಳನ್ನು ಬರೆದೆ, ಇದನ್ನು ಮಾತ್ರ ಬಿಟ್ಟೆ. ಏನಂತ ಬರೆಯಲಿ? ಪೂರ್ತಿ ಬಟ್ಟಲಿನ ಹಳೆಯ ಫೋಟೋ ಏನಾದರೂ ಸೇರಿಕೊಂಡಿತ್ತೇ ಎಂದು ನೀವು ಕೇಳಬಹುದು. ನಾನೂ ಹುಡುಕಿದೆ. ಅಂಥ ಫೋಟೋ ನನ್ನಲ್ಲಿ ಒಂದೂ ಇರಲಿಲ್ಲ, ಅವರ ಮನೆಯಲ್ಲೂ ಇಲ್ಲ. ಪ್ರತಿ ವರ್ಷ ಬಿತ್ತನೆಗೆ ಮುಂಚೆ ಆ ಅರವತ್ತು ಫೋಟೋಗಳನ್ನು ಮತ್ತೆ ಕಂಪ್ಯೂಟರಿಗೆ ಕೊಟ್ಟು, ಬೇಕೆಂದೇ ಊಟಕ್ಕೆ ಹೋಗುತ್ತೇನೆ. ಬಂದು ನೋಡಿದರೆ ಮುರಿದ ಬಟ್ಟಲೇ ಇರುತ್ತದೆ.

ಈ ವರ್ಷವೂ ಬಿತ್ತನೆಗೆ ಹೋಗಿದ್ದೆ. "ಒಂದ್ ಸಾಲು ನೀನೂ ಬಿಡು ಬಾ" ಎಂದು ಗೌರಮ್ಮ ಬೀಜದ ಉಡಿಯನ್ನು ನನ್ನ ಸೊಂಟಕ್ಕೆ ಕಟ್ಟಿದರು. ನಾನು ಮೊದಲು ಮಾಡಿದ ಕೆಲಸವೆಂದರೆ ಹೆಬ್ಬೆರಳನ್ನು ಆ ಕುಳಿಯಲ್ಲಿ ಇಟ್ಟು ನೋಡಿದ್ದು. ನೇರ ಇಟ್ಟೆ, ಓರೆ ಇಟ್ಟೆ, ಹೇಗೆ ಇಟ್ಟರೂ ಕೂರಲಿಲ್ಲ. ಗೌರಮ್ಮ ನೋಡುತ್ತಲೇ ಇದ್ದರು.

"ಅದು ನಂದು ಮಾರಾಯ್ತಿ" ಎಂದರು ನಗುತ್ತ. "ನಿಂದು ನೀನೇ ಸವೆಸ್ಕಬೇಕು. ನಡಿ, ಎತ್ತು ಕಾಯ್ತಾವೆ."