ಬಿದ್ದ ಮೇಲೆ ಹೊಡೆದ ಗಂಟೆ

ಬಟ್ಟೆ ಇನ್ನೂ ಒಣಗಿಲ್ಲ. ಕರೆಮ್ಮನ ಈ ಹೊತ್ತಿನ ಚಿಂತೆ ಇಷ್ಟೇ. ಆದರೆ ಅದನ್ನು ಯಾರ ಮುಂದೆಯೂ ಹೇಳುವಂತಿಲ್ಲ. ಹಳೆಯ ಸೀರೆಯೊಂದನ್ನು ಹರಿದು, ಗಾಯಕ್ಕೆ ಕಟ್ಟುವ ಪಟ್ಟಿ ಮಾಡಿ, ನಸುಕಿನಲ್ಲೇ ಕುದಿಸಿ ಗುಡಿಸಲ ಒಳಗೆ ಹಗ್ಗಕ್ಕೆ ಹಾಕಿದ್ದಾಳೆ. ಹೊರಗೆ ಬೇಲಿಯ ಮೇಲೆ ಹರವಿದರೆ ಬೇಗ ಒಣಗುತ್ತಿತ್ತು. ಇಂದು ದೊಡ್ಡ ಸಾಹೇಬರು ತನಿಖೆಗೆ ಬರುತ್ತಾರೆ, ಹರಕು ಅರಿವೆ ಎಲ್ಲೂ ಕಾಣಕೂಡದು ಎಂದು ಓವರ್ಸಿಯರ್ ಅಪ್ಪಣೆ ಮಾಡಿದ್ದಾನೆ. ಒಂದೊಂದು ಪಟ್ಟಿಯನ್ನೂ ಬೆರಳಲ್ಲಿ ಹಿಚುಕಿ ನೋಡುತ್ತಾಳೆ. 'ಇವು ಒಣಗೋತನಕ ಯಾರೂ ಬೀಳಬ್ಯಾಡ್ರಪಾ' ಎಂದು ಮನಸ್ಸಿನಲ್ಲೇ ಅಂದುಕೊಳ್ಳುತ್ತಾಳೆ. ಅಂದುಕೊಂಡ ಮೇಲೆ ಅವಳಿಗೇ ನಾಚಿಕೆ. ಒಣಗಿದ ಮೇಲೆ ಬಿದ್ದರೆ ಅಡ್ಡಿಯಿಲ್ಲ ಎಂದಂತಾಯಿತಲ್ಲ!

ಹೊರಗೆ ಬೇವಿನ ಕೊಂಬೆಗೆ ರೈಲುಹಳಿಯ ತುಂಡೊಂದು ತೂಗುತ್ತಿದೆ. ಕರೆಮ್ಮ ಸುತ್ತಿಗೆಯಿಂದ ಅದಕ್ಕೆ ಹೊಡೆದರೆ ಜವಳಗೇರಾ ಕಡೆಯ ಈ ಕಾಲುವೆ ಕ್ಯಾಂಪಿನಲ್ಲಿ ಕೆಲಸ ಶುರು. ಬಿಸಿಲು ನೆತ್ತಿಗೇರಿದಾಗ ಇನ್ನೊಮ್ಮೆ ಹೊಡೆದರೆ ಅಂದಿನ ಕೆಲಸ ಮುಗಿದಂತೆ. ಬೇಸಿಗೆಯಲ್ಲಿ ಕಾಲುವೆಗೆ ನೀರು ನಿಲ್ಲಿಸಿ ದುರಸ್ತಿ ಹಿಡಿಯುತ್ತಾರೆ. ಇನ್ನೂರರಷ್ಟು ಮಂದಿ ಒಣಕಾಲುವೆಗೆ ಇಳಿದು ಹೂಳೆತ್ತುತ್ತಾರೆ, ಕುಸಿದ ಕಲ್ಲುಕಟ್ಟನ್ನು ಮತ್ತೆ ಕಟ್ಟುತ್ತಾರೆ.

"ಯಕ್ಕಾ, ನಿನ್ನ ಗಂಟಿ ಕೇಳಿದ್ರ ನನ್ನ ಗಂಡನ ಮ್ಯಾಗಿನ ಸಿಟ್ಟೆಲ್ಲಾ ನಿನ್ನ ಮ್ಯಾಗ ಬರ್ತೈತಿ ನೋಡು," ಎನ್ನುತ್ತ ಪೀರ್‌ಬೀ ತನ್ನ ಹಸುಗೂಸನ್ನು ಕರೆಮ್ಮನ ಕೈಗೆ ಕೊಡುತ್ತಾಳೆ.

"ಸಿಟ್ಟು ಬಂದ್ರ ಬುಟ್ಟಿ ಜಲ್ದಿ ತುಂಬ್ತೈತಿ. ನಡೀ ಬೇ, ಮುಕಾದಮ ಹಾಜರಿ ಕೂಗಾಕತ್ತಾನ."

ಕೂಸು ಬೇವಿನ ನೆರಳಿನ ಜೋಳಿಗೆಗೆ ಹೋಗುತ್ತದೆ. ಅಲ್ಲಿ ಆಗಲೇ ನಾಲ್ಕು ಜೋಳಿಗೆಗಳಿವೆ. ನೀರಾವರಿ ಇಲಾಖೆಯ ಕಾಗದದಲ್ಲಿ ಕರೆಮ್ಮ ನೀರು ಹೊರುವ ದಿನಗೂಲಿ ಹೆಂಗಸು. ನೀರನ್ನಂತೂ ಹೊರುತ್ತಾಳೆ. ಜೊತೆಗೆ ಗಾಯ ತೊಳೆದು ಕಟ್ಟುತ್ತಾಳೆ, ಚೇಳು ಕಡಿದವರನ್ನು ರಾತ್ರಿಯೆಲ್ಲ ಕಾಯುತ್ತಾಳೆ, ಟ್ರ್ಯಾಕ್ಟರಿನ ಟ್ರೇಲರಿನಲ್ಲಿ ಜಖಂ ಆದವರ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಸಿಂಧನೂರಿನ ದವಾಖಾನೆಗೆ ಹೋಗುತ್ತಾಳೆ. ತಿರುಗಿ ಬರುವಾಗ ಅವರ ಮನೆಗೆ ಸುದ್ದಿ ಮುಟ್ಟಿಸುತ್ತಾಳೆ.

ನೌಕರರ ಕ್ಷೇಮ ನೋಡುವವರು ಇಲಾಖೆಯಲ್ಲಿ ಇಲ್ಲವೆಂದಲ್ಲ. ಅದಕ್ಕೊಂದು ಕುರ್ಚಿಯಿದೆ, ಕುರ್ಚಿಯ ಮೇಲೆ ಫ್ಯಾನು ತಿರುಗುತ್ತದೆ. ಆ ಕುರ್ಚಿಯವರು ಒಮ್ಮೆ ಬಂದು ಕೂಸುಗಳ ಪಕ್ಕ ನಿಂತು ಫೋಟೋ ತೆಗೆಸಿಕೊಂಡು ಹೋಗಿದ್ದಾರೆ. ಕೆಂಪು ಗುರುತಿನ ತಗಡಿನ ಪೆಟ್ಟಿಗೆಯೊಂದನ್ನೂ ಕಳಿಸಿದ್ದಾರೆ. ಅದರಲ್ಲಿರುವುದು ಅರ್ಧ ಬಾಟಲಿ ಟಿಂಚರು, ತುಕ್ಕು ಹಿಡಿದ ಕತ್ತರಿ. ಉಳಿದದ್ದೆಲ್ಲ ಕರೆಮ್ಮನ ಸೀರೆ.

ಕರೆಮ್ಮ ಸಾಲಗುಂದದವಳು. ಕಾಲುವೆ ಅಗೆಯುವ ಕಾಲಕ್ಕೆ ಗಂಡನ ಜೊತೆ ಮಣ್ಣು ಹೊರಲು ಬಂದವಳು. ಗಂಡ ಯಮನೂರಪ್ಪ ಕ್ಯಾಂಪಿನಲ್ಲೇ ವಾಂತಿಭೇದಿಯಾಗಿ ತೀರಿಕೊಂಡ. ಆಗಿನ ಕಂಪೌಂಡರ್ ಮಹಮ್ಮದಸಾಬ ಅವಳಿಗೆ ಗಾಯ ಕಟ್ಟುವುದನ್ನು ಕಲಿಸಿದ. ಅವನಿಗೆ ವರ್ಗವಾಯಿತು, ಅವನ ಜಾಗಕ್ಕೆ ಇನ್ನೊಬ್ಬನನ್ನು ಕಳಿಸುವುದು ಯಾರಿಗೂ ನೆನಪಾಗಲಿಲ್ಲ. ಕೆಲಸ ಮಾತ್ರ ಕರೆಮ್ಮನ ಕೈಯಲ್ಲಿ ಉಳಿಯಿತು.

"ರಕ್ತಕ್ಕ ಏನ್ ಅಂಜೂದು?" ಎನ್ನುತ್ತಾಳೆ ಕೇಳಿದವರಿಗೆ. "ಹರೀತೈತಿ, ಒತ್ತಿ ಹಿಡದ್ರ ನಿಲ್ತೈತಿ. ಮನಿಗೆ ಹೋಗಿ ಹೇಳೂದೈತಲ್ಲ, ಅದು ಕೆಟ್ಟ. ಬಾಗಲದಾಗ ನನ್ನ ಮಾರಿ ಕಂಡ್ರ ಸಾಕು, ಹೆಂಗಸ್ರು ಅಳಾಕ ಸುರು ಮಾಡ್ತಾರ. ಮಸ್ಕಿ ಸಂತ್ಯಾಗ ಸುಮ್ನ ಮಾತಾಡ್ಸಿದ್ರೂ ಎದಿ ಹಿಡ್ಕೋತಾರ."

ಅವಳು ಹೆಚ್ಚು ಮಾತಿನವಳಲ್ಲ. ಓವರ್ಸಿಯರ್ ಎದುರು ಬಂದರೆ ಸೆರಗು ಬಿಗಿಹಿಡಿದು ನೆಲ ನೋಡುತ್ತಾಳೆ. ಅವನನ್ನು ಒಳ್ಳೆಯವನೆಂದೇ ಬಹಳ ಕಾಲ ನಂಬಿದ್ದಳು. ಅದಕ್ಕೆ ಕಾರಣ ಈ ಕ್ಯಾಂಪಿನ ಒಂದು ರೂಢಿ. ಯಾರಾದರೂ ಬಿದ್ದರೆ, ಯಾರದಾದರೂ ಕೈ ಕಲ್ಲಿನಡಿ ಸಿಕ್ಕರೆ, ಓವರ್ಸಿಯರ್ ಏರಿಯ ಮೇಲಿಂದ "ಗಂಟೆ ಹೊಡಿ, ಗಂಟೆ!" ಎಂದು ಕೂಗುತ್ತಾನೆ. ಕರೆಮ್ಮ ಓಡಿಹೋಗಿ ಹೊಡೆಯುತ್ತಾಳೆ. ಇನ್ನೂರು ಮಂದಿಯೂ ಸಲಿಕೆ ಬಿಟ್ಟು ಬಿದ್ದವನ ಕಡೆ ಧಾವಿಸುತ್ತಾರೆ. ಎಲ್ಲರೂ ನೆರವಿಗೆ ಬರಲಿ ಎಂದೇ ಅವನು ಗಂಟೆ ಹೊಡೆಸುತ್ತಾನೆ ಎಂದುಕೊಂಡಿದ್ದಳು ಅವಳು.

ಹೋದ ತಿಂಗಳು ಮುದುಕಪ್ಪ ಬಿದ್ದ. ಕಟ್ಟುತ್ತಿದ್ದ ಗೋಡೆಯ ಚಪ್ಪಡಿ ಜಾರಿ ಅವನ ಕಾಲಿನ ಮೇಲೆ ಉರುಳಿತು. ಹೊತ್ತು ಇನ್ನೂ ಮೇಲೇರಿರಲಿಲ್ಲ. ಕೂಗು ಬಂತು, ಕರೆಮ್ಮ ಗಂಟೆ ಹೊಡೆದು ಬಂದು ತೊಡೆಗೆ ಬಿಗಿಯಾಗಿ ಕಟ್ಟಿದಳು, ಟ್ರೇಲರು ಹತ್ತಿದಳು. ಜೀವ ಉಳಿಯಿತು. ಮೊಣಕಾಲ ಕೆಳಗೆ ಕಾಲು ಉಳಿಯಲಿಲ್ಲ.

ಎಂಟು ದಿನದ ಮೇಲೆ ಅವನ ಹೆಂಡತಿ ಬಸ್ಸಮ್ಮ ಬೇವಿನ ಮರದಡಿಗೆ ಬಂದಳು. ಅಳಲಿಲ್ಲ, ಕೂಡ್ರಲೂ ಇಲ್ಲ.

"ಭಾಳ ಚೊಲೋ ಹೊಡದಿ ಯಕ್ಕಾ ಗಂಟಿ. ನನ್ನ ಗಂಡನ್ನ ಹೊರಗ ಹಾಕಿದಿ."

"ಏನಂತೀ ಬೇ?"

"ಕಚೇರ್ಯಾಗ ಕೇಳಿ ಬಂದೀನಿ. ಗಂಟಿ ಆದ ಮ್ಯಾಗ ಬಿದ್ದಾನಂತ. ಕೆಲಸ ಬಿಟ್ಟು ಮನಿಗೆ ಹೋಗೂ ಮುಂದ ಕಾಲ್ಜಾರಿ ಬಿದ್ದಾನಂತ. ಕೆಲಸದಾಗ ಬಿದ್ದವಗ ತೂಬಿನ ಕಾವಲದ ಕೆಲಸ ಕೊಡ್ತಾರ, ಗುಡಿಸಲಾ ಇರ್ತೈತಿ. ಗಂಟಿ ಆದ ಮ್ಯಾಗ ಬಿದ್ದವಗ ಏನೂ ಇಲ್ಲ. ಕಾಲುವಿಗೆ ನೀರು ಬಿಡೂದ್ರಾಗ ಜಾಗಾ ಖಾಲಿ ಮಾಡ್ರಿ ಅಂದಾರ. ಒಂಟಿಗಾಲವನ್ನ ಕರಕೊಂಡು ಎಲ್ಲಿಗೆ ಹೋಗಲಿ, ಹೇಳು?"

ಬಸ್ಸಮ್ಮ ಹೋದ ಮೇಲೆ ಕರೆಮ್ಮ ಮರಕ್ಕೊರಗಿ ಕೂತಳು. ಬೆರಳು ಕಳೆದುಕೊಂಡ ಗಿರಿಯಮ್ಮ ನೆನಪಾದಳು. ಕಣ್ಣಿಗೆ ಕಲ್ಲಿನ ಚೂರು ಹೊಕ್ಕಿದ್ದ ಗ್ಯಾನಪ್ಪ ನೆನಪಾದ. ಇಬ್ಬರೂ ಕ್ಯಾಂಪು ಬಿಟ್ಟು ಹೋಗಿದ್ದಾರೆ. ಹೋಗುವಾಗ ಏಕೆಂದು ಅವಳು ಕೇಳಿರಲಿಲ್ಲ. ಅವರಿಗೂ ಗಂಟೆ ಹೊಡೆದದ್ದು ಇದೇ ಕೈ. ಒಂದು ಕೈಯಲ್ಲಿ ಗಾಯ ಕಟ್ಟಿ, ಇನ್ನೊಂದು ಕೈಯಲ್ಲಿ ಅವರ ಅನ್ನ ಕಿತ್ತಂತಾಯಿತು. ಅದನ್ನು ಮಾಡಿಸಿದವನಿಗೆ ಅವಳು ದಿನಾ ತಣ್ಣೀರು ತುಂಬಿ ಕೊಟ್ಟಿದ್ದಾಳೆ.

"ಹೇಳಿಬಿಡಬೇಕ ಅನಸ್ತೈತಿ," ಎನ್ನುತ್ತಾಳೆ ಪೀರ್‌ಬೀಗೆ. "ಆದ್ರ ಬಾಯಿ ಬಿಟ್ರ ನಾಳಿಂದ ನಾನೂ ಇಲ್ಲ. ದಿನಗೂಲಿ ಹೆಂಗಸಿಗೆ ಬರಬ್ಯಾಡ ಅನ್ನಾಕ ಎಷ್ಟೊತ್ತು?"

ಬಿಸಿಲು ಚುರುಗುಟ್ಟುವ ಹೊತ್ತಿಗೆ ಜೀಪು ಬರುತ್ತದೆ. ಜೋಳಿಗೆಗಳನ್ನು ಬಿಚ್ಚಿಸಿ ಬೇವಿನಡಿಯಲ್ಲಿ ಮೇಜು ಹಾಕಿಸಿದ್ದಾರೆ. ಕೂಸುಗಳು ಟ್ರೇಲರಿನ ನೆರಳಿನಲ್ಲಿವೆ. ಮೇಜಿನ ಮೇಲೆ ಹೊಚ್ಚಹೊಸ ಬಿಳಿ ಬಟ್ಟೆ. ಕರೆಮ್ಮ ಅದನ್ನು ನೋಡುತ್ತಾಳೆ. ಎಷ್ಟು ಗಾಯಕ್ಕಾಗುತ್ತಿತ್ತು! ಅದರ ಮೇಲೆ ಎಳನೀರು ಇಟ್ಟಿದ್ದಾರೆ.

ದೊಡ್ಡ ಸಾಹೇಬರು ಕಲ್ಲುಕಟ್ಟು ನೋಡಿ ಬಂದು ಕೂರುತ್ತಾರೆ. ಬಸ್ಸಮ್ಮ ಮೇಜಿನೆದುರು ಬಂದು ನಿಲ್ಲುತ್ತಾಳೆ. ಮುಕಾದಮ ಅವಳ ರಟ್ಟೆ ಹಿಡಿದು ಎಳೆಯಹೋದರೆ, "ಕೈ ಬಿಡಲೇ, ನಿನಗಲ್ಲ ಹೇಳಾಕ ಬಂದಿದ್ದು," ಎನ್ನುತ್ತಾಳೆ. ಸಾಹೇಬರು ಕೈಯೆತ್ತಿ, ಮಾತಾಡಲು ಬಿಡಿ ಎನ್ನುತ್ತಾರೆ. ಅವಳು ಎಲ್ಲವನ್ನೂ ಹೇಳುತ್ತಾಳೆ. ಅವರು ಓವರ್ಸಿಯರ್ ಕಡೆ ತಿರುಗುತ್ತಾರೆ.

"ಸಾರ್, ಅವತ್ತು ಬಿಸಿಲು ಜಾಸ್ತಿ ಇತ್ತು," ಎನ್ನುತ್ತಾನೆ ಅವನು, ದನಿಯಲ್ಲಿ ಕರುಣೆ ತುಂಬಿಕೊಂಡು. "ಪಾಪ, ಬಡವರು ಅಂತ ನಾನೇ ಬೇಗ ಬಿಡಿಸಿದೆ. ಮನೆಗೆ ಹೋಗುವಾಗ ಜಾರಿದಾನೆ. ಗಂಟೆ ಆಗಿತ್ತು ಸಾರ್, ಇವರೆಲ್ಲ ಕೇಳಿದಾರೆ. ಏನ್ರಪ್ಪಾ, ಗಂಟೆ ಆಗಿತ್ತೋ ಇಲ್ಲವೋ?"

ಗಂಟೆ ಆದದ್ದು ನಿಜ. ಯಾರೂ ಇಲ್ಲವೆನ್ನುವಂತಿಲ್ಲ. ಪೀರ್‌ಬೀ ಕರೆಮ್ಮನ ಕಡೆ ತಿರುಗುತ್ತಾಳೆ. ಉಳಿದವರು ಕಾಲಿನ ಮಣ್ಣು ನೋಡುತ್ತಾರೆ.

"ಹೊಡೆದವಳೇ ಇಲ್ಲಿದಾಳೆ ಸಾರ್. ಬಾಮ್ಮ ಕರೆಮ್ಮ, ಸಾಹೇಬರಿಗೆ ಹೇಳು. ಅವತ್ತು ಗಂಟೆ ಹೊಡೆದೆ ತಾನೆ?"

ಕರೆಮ್ಮ ಮುಂದೆ ಬರುತ್ತಾಳೆ. ಬಸ್ಸಮ್ಮನ ಮುಖ ನೋಡುವ ಧೈರ್ಯ ಅವಳಿಗಿಲ್ಲ.

"ಹೊಡದೀನ್ರಿ."

ಓವರ್ಸಿಯರ್ ಸಾಹೇಬರ ಕಡೆ ನೋಡಿ ನಗುತ್ತಾನೆ. ಸಾಹೇಬರು ಪೆನ್ನಿನ ಮುಚ್ಚಳ ಹಾಕುತ್ತಾರೆ. ಕೆಲಸ ಮುಗಿಯಿತು, ಇನ್ನು ಹೋಗು ಎನ್ನುವಂತೆ ಮುಕಾದಮ ಕರೆಮ್ಮನಿಗೆ ಕಣ್ಸನ್ನೆ ಮಾಡುತ್ತಾನೆ. ಅವಳು ಕದಲುವುದಿಲ್ಲ. ಕೈಯಲ್ಲಿದ್ದ ಸೆರಗನ್ನು ಬಿಡುತ್ತಾಳೆ, ತಲೆಯೆತ್ತುತ್ತಾಳೆ. ದನಿ ಅವಳು ಎಣಿಸಿದ್ದಕ್ಕಿಂತ ಗಟ್ಟಿಯಾಗಿ, ಕಾಲುವೆಯ ಆಚೆಯ ಏರಿಯಲ್ಲಿ ನಿಂತವರಿಗೂ ಕೇಳುವಂತೆ ಬರುತ್ತದೆ.

"ಅವ ಬಿದ್ದ ಮ್ಯಾಗ ಹೊಡದೀನ್ರಿ. ಈ ಕ್ಯಾಂಪಿನ್ಯಾಗ ಬಿದ್ದೋರಿಗೆಲ್ಲಾ, ಬಿದ್ದ ಮ್ಯಾಗೇ ಹೊಡದೀನಿ."