ನಾಲೆ ಏರಿಯ ಮೇಲೆ ಒಂದು ಕ್ಯಾನು ಹಾಲು

ಸೊಂಟದ ಆಪರೇಷನ್ ಆದಮೇಲೆ ಅವ್ವನನ್ನು ಬೆಳಗೊಳದಿಂದ ಮೈಸೂರಿನ ಆಸ್ಪತ್ರೆಗೆ ನೋವಾಗದಂತೆ ಕರೆದೊಯ್ಯುವ ಗಾಡಿ ಬೇಕಿತ್ತು. ನಾನು ಎರಡು ಸಣ್ಣ ಎಸ್‌ಯುವಿಗಳನ್ನು ಗುರುತಿಟ್ಟಿದ್ದೆ. ಓಡಿಸಿ ನೋಡಲು ತಂದ ದಿನ ಅವ್ವ ಡೈರಿಯ ಹಾಲಿನ ಕ್ಯಾನನ್ನು ಮುಚ್ಚಳ ತೆಗೆದು ಕಾಲ ಬಳಿ ಇಟ್ಟುಕೊಂಡು ಕೂತಳು.

"ನಾಲೆ ಏರಿ ಮೇಲೆ ಬುಡ್ಲಾ. ಚೆಲ್ಲುದ್ರೆ ಈ ಗಾಡಿ ಬ್ಯಾಡ."

"ಸೀಟು ಕೊಳೆಯಾಯ್ತದೆ ಕಣವ್ವಾ," ಎಂದ ಶೋರೂಮಿನವನು.

"ನಿನ್ ಸೀಟ್ಗಿಂತ ನನ್ ಸೊಂಟ ದೊಡ್ದು ಕಣಪ್ಪಾ."

ಮೊದಲನೆಯ ಗಾಡಿಯಲ್ಲಿ ಹಾಲು ಚೆಲ್ಲಿತು. ಎರಡನೆಯದರಲ್ಲಿ, ಕಬ್ಬಿನ ಟ್ರಾಕ್ಟರುಗಳು ಮಾಡಿದ್ದ ಗುಂಡಿಗಳ ಮೇಲೂ, ಹಾಲು ನಡುಗಿತಷ್ಟೇ. ಕ್ಯಾನು ತುಂಬಿತ್ತೆಂದು ನನ್ನ ನೆನಪು, ಅರ್ಧವಿತ್ತೆನ್ನುತ್ತಾಳೆ ಹೆಂಡತಿ. ನನ್ನ ನೆನಪನ್ನು ನಾನೂ ಪೂರ್ತಿ ನಂಬುವುದಿಲ್ಲ. ಆದರೆ ಹಿಂದಿನ ಸೀಟಿನತ್ತ ತಿರುಗಿ ನೋಡಿದಾಗ, ತಿಂಗಳುಗಳಿಂದ ಕೂರಲಾರದೆ ನರಳುತ್ತಿದ್ದ ಅವ್ವ ಕೂತಲ್ಲೇ ನಿದ್ದೆ ಹೋಗಿದ್ದಳು. ಆ ಬೆರಗಿನಲ್ಲಿ, ಏರಿ ಮುಗಿದರೂ ನಾನು ಗಾಡಿ ನಿಲ್ಲಿಸಲಿಲ್ಲ.