ಇಬ್ಬರು ಫಾತಿಮಾ, ಒಂದೇ ಫೋನ್ ನಂಬರ್

ಕೊರೊನಾ ತಣ್ಣಗಾಗಿ ಜನ ಮಾಸ್ಕ್ ತೆಗೆದಿಟ್ಟ ಮೇಲೆ ಬಂದ ಮಳೆಗಾಲ ಅದು. ಮಂಗಳೂರಿನ ಒಂದು ಖಾಸಗಿ ಪ್ರಯೋಗಾಲಯ ಸಂಸ್ಥೆಯಲ್ಲಿ ನಾನು ಡೇಟಾಬೇಸ್ ಅಡ್ಮಿನಿಸ್ಟ್ರೇಟರ್ ಆಗಿದ್ದೆ. ಹಂಪನಕಟ್ಟೆಯಲ್ಲಿ ನಮ್ಮ ಮುಖ್ಯ ಲ್ಯಾಬ್ ಇತ್ತು. ಸುರತ್ಕಲ್, ಕಾಟಿಪಳ್ಳ, ನಂತೂರು ಮೊದಲಾದ ಕಡೆ ರಕ್ತದ ಮಾದರಿ ಸಂಗ್ರಹಿಸುವ ಸಣ್ಣ ಕೇಂದ್ರಗಳಿದ್ದವು. ಬೆಳಿಗ್ಗೆ ಅಲ್ಲಿ ತೆಗೆದ ರಕ್ತ ಮುಖ್ಯ ಲ್ಯಾಬಿಗೆ ಬಂದು, ಯಂತ್ರದಲ್ಲಿ ಪರೀಕ್ಷೆಯಾಗಿ, ಫಲಿತಾಂಶ ಡೇಟಾಬೇಸ್ ಸೇರಿ, ಅಲ್ಲಿಂದ ರೋಗಿಯ ಫೋನಿಗೂ ವೈದ್ಯರಿಗೂ ಹೋಗುತ್ತಿತ್ತು. ಡೇಟಾಬೇಸ್ ನಿಂತರೆ ಎಲ್ಲವೂ ನಿಂತ ಹಾಗೆ. ಅದು ನಿಲ್ಲದಂತೆ ನೋಡಿಕೊಳ್ಳುವುದೇ ನನ್ನ ಉದ್ಯೋಗ.

ಮಸ್ಕತ್‌ನಲ್ಲಿ ಒಂದು ಕಂಪನಿಯಲ್ಲಿ ಇದೇ ಕೆಲಸ ಮಾಡಿ ಊರಿಗೆ ಮರಳಿದ್ದ ನನಗೆ ಈ ಕೆಲಸದ ಬಗ್ಗೆ ಸ್ವಲ್ಪ ಹೆಮ್ಮೆಯೂ ಇತ್ತು. ಲ್ಯಾಬಿನ ಹಿಂದಿನ ಕೋಣೆಯಲ್ಲಿ ನಮ್ಮದೇ ಸರ್ವರ್. ಬ್ಯಾಕಪ್ ತೆಗೆಯುವುದು, ಸುರಕ್ಷತೆಯ ಅಪ್‌ಡೇಟ್ ಹಾಕುವುದು, ನಿಧಾನವಾದ ಹುಡುಕಾಟಗಳಿಗೆ ಇಂಡೆಕ್ಸ್ ಕಟ್ಟುವುದು ಎಲ್ಲವೂ ನನ್ನ ಕೈಯಿಂದಲೇ ಆಗಬೇಕಿತ್ತು. ಇಂಡೆಕ್ಸ್ ಅಂದರೆ ದಪ್ಪ ಪುಸ್ತಕದ ಕೊನೆಯಲ್ಲಿರುವ ಪದಸೂಚಿಯಂಥದ್ದು. ಅದಿದ್ದರೆ ಕಂಪ್ಯೂಟರ್ ಪ್ರತಿ ಪುಟವನ್ನೂ ತಿರುವಿ ಹಾಕಬೇಕಾಗುವುದಿಲ್ಲ. ಜ್ವರದ ಕಾಲದಲ್ಲಿ ಮಾತ್ರ ಇಷ್ಟೆಲ್ಲ ಮಾಡಿದರೂ ಸರ್ವರ್ ಏದುಸಿರು ಬಿಡುತ್ತಿತ್ತು. ಬೆಳಗ್ಗಿನ ಹೊತ್ತು ಯಾರು ಫೋನ್ ಮಾಡಿದರೂ ನನ್ನ ಉತ್ತರ ಒಂದೇ: "ಈಗ ಆಗುದಿಲ್ಲ, ಮತ್ತೆ ಮಾಡಿ."

ಆ ವರ್ಷದ ಆರಂಭದಲ್ಲೇ ನಮ್ಮ ನಿರ್ದೇಶಕಿ ಡಾ. ಮುಮ್ತಾಜ್ ಸರ್ವರನ್ನು ಬಿಟ್ಟು ಕ್ಲೌಡ್‌ಗೆ, ಅಂದರೆ ಇಂಟರ್ನೆಟ್ ಮೂಲಕ ಬಾಡಿಗೆಗೆ ಸಿಗುವ ಕಂಪ್ಯೂಟರುಗಳಿಗೆ, ಹೋಗೋಣ ಎಂದರು. ಬಂದರಿನಲ್ಲಿ ಮೂರು ತಲೆಮಾರು ವ್ಯಾಪಾರ ಮಾಡಿದ ಬ್ಯಾರಿ ಕುಟುಂಬದ ಮಗಳು ಅವರು. ಪೆಥಾಲಜಿ ಓದಿ ಈ ಲ್ಯಾಬ್ ಕಟ್ಟಿದವರು. ಅವರು ಆರಿಸಿದ್ದು ತನ್ನ ನಿರ್ವಹಣೆಯನ್ನು ತಾನೇ ಮಾಡಿಕೊಳ್ಳುವ ಹೊಸ ಬಗೆಯ ಡೇಟಾಬೇಸ್ ಸೇವೆ. ಅಪ್‌ಡೇಟ್, ಬ್ಯಾಕಪ್, ಇಂಡೆಕ್ಸ್ ಎಲ್ಲ ಅದರದ್ದೇ ಜವಾಬ್ದಾರಿ. ಕೆಲಸ ಹೆಚ್ಚಾದರೆ ತಾನೇ ಹಿಗ್ಗುತ್ತದೆ, ಕಡಿಮೆಯಾದರೆ ಕುಗ್ಗುತ್ತದೆ.

"ಹಾಗಾದ್ರೆ ನನಗೆ ಎಂತ ಕೆಲಸ ಡಾಕ್ಟ್ರೇ?" ಎಂದು ನೇರವಾಗಿಯೇ ಕೇಳಿದೆ.

"ಅದು ನನಗೂ ಗೊತ್ತಿಲ್ಲ ಲವೀನಾ. ನೋಡುವ," ಎಂದರು. ಸುಳ್ಳು ಸಮಾಧಾನ ಹೇಳುವ ಜನ ಅವರಲ್ಲ.

ಕಂಪನಿಯವರು ತೋರಿಸುವ ಸ್ಲೈಡ್‌ಗಳನ್ನು ನಂಬಿ ಹೋಗಲಾರೆ, ಹಳೆಯದನ್ನೂ ಹೊಸದನ್ನೂ ಸ್ವಲ್ಪ ಕಾಲ ಅಕ್ಕಪಕ್ಕದಲ್ಲಿ ಓಡಿಸಬೇಕು ಎಂದು ಷರತ್ತು ಹಾಕಿದೆ. ನಿಜ ಹೇಳಬೇಕೆಂದರೆ ಹೊಸದು ಎಲ್ಲಾದರೂ ಎಡವಲಿ ಎಂದೇ ನಾನು ಕಾದಿದ್ದೆ. ಅದು ಎಡವಲಿಲ್ಲ. ನಾನು ಬಹಳ ಯೋಚಿಸಿ ಕಟ್ಟಿದ್ದ ಎರಡು ಇಂಡೆಕ್ಸ್‌ಗಳನ್ನು ಅದು ಒಂದು ದಿನ ಬದಿಗಿಟ್ಟುಬಿಟ್ಟಿತು. ಅವಮಾನವಾದಂತಾಗಿ ಕಾರಣ ಹುಡುಕಿದೆ. ಅವನ್ನು ತಿಂಗಳುಗಳಿಂದ ಯಾರೂ ಬಳಸಿರಲಿಲ್ಲ, ಸುಮ್ಮನೆ ಜಾಗ ತಿನ್ನುತ್ತಿದ್ದವು. ಅವುಗಳ ಬದಲು ತಾನೊಂದು ಇಂಡೆಕ್ಸ್ ಕಟ್ಟಿ, ಯಾರಿಗೂ ಕಾಣದಂತೆ ಇಟ್ಟುಕೊಂಡು, ನಿಜವಾದ ಕೆಲಸದ ಮೇಲೆಯೇ ಪರೀಕ್ಷಿಸಿ, ಲಾಭವಿದೆ ಎಂದು ಖಚಿತವಾದ ಮೇಲೆ ಬಳಕೆಗೆ ಬಿಟ್ಟಿತ್ತು. ಇನ್ನೊಂದನ್ನು ಕಟ್ಟಿ, ಲಾಭ ಕಾಣದೆ ಅದನ್ನು ತಾನೇ ಕಳಚಿಯೂ ಇತ್ತು. ಏನು ಮಾಡಿದೆ, ಏಕೆ ಮಾಡಿದೆ ಎಂಬುದೆಲ್ಲ ದಾಖಲಾಗಿತ್ತು. ನನ್ನ ಕೈಕೆಳಗೆ ಇಷ್ಟು ವಿನಯದ, ಇಷ್ಟು ಚುರುಕಿನ ಸಹಾಯಕರು ಯಾವತ್ತೂ ಇರಲಿಲ್ಲ. ಅಂದಿನಿಂದ ನನ್ನ ಜಗಳ ಮುಗಿಯಿತು. ಹಳೆಯ ಸರ್ವರನ್ನು ನಾನೇ ಬಂದ್ ಮಾಡಿದೆ.

ಡೆಂಗಿ ಹೆಚ್ಚಾದದ್ದು ಅದೇ ಮಳೆಗಾಲದಲ್ಲಿ. ಎಲ್ಲ ಕೇಂದ್ರಗಳ ಮುಂದೆಯೂ ಕೊಡೆಗಳ ಸಾಲು. ಎಲ್ಲರಿಗೂ ಬೇಕಾದದ್ದು ಪ್ಲೇಟ್‌ಲೆಟ್ ಎಣಿಕೆ. ರಕ್ತ ಹೆಪ್ಪುಗಟ್ಟಲು ನೆರವಾಗುವ ಈ ಕಣಗಳು ಡೆಂಗಿಯಲ್ಲಿ ಇಳಿಯುತ್ತಾ ಹೋಗುತ್ತವೆ. ಎಷ್ಟು ಇಳಿದಿವೆ ಎಂಬುದನ್ನು ನೋಡಿಯೇ ರೋಗಿ ಮನೆಯಲ್ಲಿರಬೇಕೋ ಆಸ್ಪತ್ರೆಗೆ ಸೇರಬೇಕೋ ಎಂದು ವೈದ್ಯರು ಹೇಳುತ್ತಾರೆ. ಹಿಂದಿನ ಯಾವ ಜ್ವರದ ಕಾಲದಲ್ಲೂ ಕಾಣದಷ್ಟು ಕೆಲಸ ಡೇಟಾಬೇಸ್ ಮೇಲೆ ಬಿತ್ತು. ಬೆಳಿಗ್ಗೆ ಅದು ಹಿಗ್ಗುತ್ತಿತ್ತು, ಮಧ್ಯಾಹ್ನ ಕುಗ್ಗುತ್ತಿತ್ತು. ಒಂದು ವರದಿಯೂ ತಡವಾಗಲಿಲ್ಲ. ನಾನು ಕಾಫಿ ಕುಡಿಯುತ್ತಾ ಪರದೆಯ ಮೇಲಿನ ಗೆರೆ ಏರಿ ಇಳಿಯುವುದನ್ನು ನೋಡುತ್ತಿದ್ದೆ.

ಅಂಥ ಒಂದು ಬೆಳಿಗ್ಗೆ ಡಾ. ಮುಮ್ತಾಜ್ ಮೇಲಿನ ಮಹಡಿಯಿಂದ ಫೋನ್ ಮಾಡಿದರು.

"ಲವೀನಾ, ಕಾಟಿಪಳ್ಳದ ಒಬ್ಬಳು ಡೆಂಗಿ ಪೇಷೆಂಟ್, ಫಾತಿಮಾ ಶಹೀನಾ. ನಿನ್ನೆಯವರೆಗೆ ದಿನಾ ಇಳೀತಾ ಇದ್ದ ಪ್ಲೇಟ್‌ಲೆಟ್ ಇವತ್ತು ಪೂರ್ತಿ ನಾರ್ಮಲ್ ತೋರಿಸ್ತಾ ಉಂಟು. ಒಂದು ದಿನದಲ್ಲಿ ಹೀಗೆ ಆಗ್ಲಿಕ್ಕೆ ಸಾಧ್ಯ ಇಲ್ಲ. ಲ್ಯಾಬಿನ ಮಿಷನ್ ಸರಿ ಉಂಟು, ನಾನೇ ನೋಡಿದೆ. ನಿಮ್ಮ ಹೊಸ ಡೇಟಾಬೇಸ್ ಎಂತ ಮಾಡ್ತಾ ಉಂಟು?"

ನಾನೂ ಮೊದಲು ಅದನ್ನೇ ಸಂಶಯಪಟ್ಟೆ. ತಾನೇ ತಾನಾಗಿ ಏನೇನೋ ಬದಲಿಸಿಕೊಳ್ಳುವ ವ್ಯವಸ್ಥೆ ರೋಗಿಗಳ ಫಲಿತಾಂಶವನ್ನೂ ಬದಲಿಸಿತೇ? ವರದಿ ಕಳಿಸುವುದನ್ನು ತಕ್ಷಣ ನಿಲ್ಲಿಸಿ, ಅದು ಬರೆದಿಟ್ಟ ದಾಖಲೆ ತೆರೆದೆ. ಆ ಬೆಳಿಗ್ಗೆ ಅದು ಮಾಡಿದ್ದು ಒಂದೇ, ಬೇಕಾದಷ್ಟು ಹಿಗ್ಗಿದ್ದು. ರೋಗಿಗಳ ಮಾಹಿತಿಯನ್ನು ಮುಟ್ಟಿದ ಆದೇಶ ನಮ್ಮದೇ ತಂತ್ರಾಂಶದಿಂದ ಬಂದಿತ್ತು. ಯಾವ ಕ್ಷಣಕ್ಕೆ ಬಂತು, ಎಷ್ಟು ಸಾಲುಗಳನ್ನು ಬದಲಿಸಿತು ಎಂಬುದೂ ಅಲ್ಲಿತ್ತು.

ತಂತ್ರಾಂಶ ನೋಡಿಕೊಳ್ಳುತ್ತಿದ್ದ ನಿತೇಶನನ್ನು ಕರೆದೆ. ಒಳ್ಳೆಯ ಎಂಜಿನಿಯರ್, ಮಾತು ಕಡಿಮೆ. ಪರದೆ ನೋಡಿದ ಕೂಡಲೇ ಅವನು ಆ ಆದೇಶದ ಮೇಲೆ ಬೆರಳಿಟ್ಟ.

"ಮೇಡಂ, ಅದು ಡೂಪ್ಲಿಕೇಟ್ ಪೇಷೆಂಟ್‌ಗಳನ್ನು ಒಟ್ಟು ಮಾಡುವ ಪ್ರೋಗ್ರಾಂ. ಇವತ್ತು ಬೆಳಿಗ್ಗೆ ಓಡಿಸಿದ್ದು."

ಒಬ್ಬನೇ ರೋಗಿ ಬೇರೆ ಬೇರೆ ಕೇಂದ್ರಗಳಲ್ಲಿ ಹೆಸರು ಬರೆಸಿದಾಗ ಎರಡು ಮೂರು ಖಾತೆಗಳಾಗುತ್ತಿದ್ದವು. ಅವನ್ನು ಸೇರಿಸಿ ಒಂದು ಮಾಡಬೇಕೆಂಬುದು ಸಂಸ್ಥೆಯದ್ದೇ ತೀರ್ಮಾನ. ಮೊದಲ ಹೆಸರು, ಫೋನ್ ನಂಬರ್, ಹೆಚ್ಚುಕಡಿಮೆ ಅದೇ ಪ್ರಾಯ ಇದ್ದರೆ ಒಬ್ಬರೇ ಎಂದು ಪ್ರೋಗ್ರಾಂ ತಿಳಿಯುತ್ತಿತ್ತು. ಪರೀಕ್ಷೆಗೆ ಬಳಸಿದ ಮಾಹಿತಿಯಲ್ಲಿ ಪ್ರತಿಯೊಬ್ಬರಿಗೂ ಬೇರೆ ನಂಬರ್ ಇತ್ತು, ಹಾಗಾಗಿ ಅದು ಸರಾಗವಾಗಿ ಪಾಸಾಗಿತ್ತು. ಕಾಟಿಪಳ್ಳದ ಆ ಮನೆಯಲ್ಲಿ ಇಬ್ಬರು ಫಾತಿಮಾ ಇದ್ದರು. ಶಹೀನಾ ಆ ಮನೆಯ ಸೊಸೆ. ಗಂಡ ಸೌದಿಯ ದಮ್ಮಾಮ್‌ನಲ್ಲಿ, ಮಡಿಲಲ್ಲಿ ಹಾಲು ಕುಡಿಯುವ ಮಗು. ಇನ್ನೊಬ್ಬಳು ರಝೀನಾ, ಅವಳ ನಾದಿನಿ. ಇಬ್ಬರದ್ದೂ ಹತ್ತಿರ ಹತ್ತಿರ ಒಂದೇ ಪ್ರಾಯ. ಇಬ್ಬರ ಹೆಸರಿನ ಮುಂದೆಯೂ ಬರೆಸಿದ್ದು ಶಹೀನಾಳ ಗಂಡನ ಅಣ್ಣ ಅಶ್ರಫ್ ಅವರ ನಂಬರ್. ಅಂದು ಇಬ್ಬರೂ ರಕ್ತ ಕೊಟ್ಟಿದ್ದರು. ರಝೀನಾಳದ್ದು ಬರೀ ಶೀತಜ್ವರ. ಪ್ರೋಗ್ರಾಂ ಇಬ್ಬರನ್ನೂ ಒಬ್ಬಳೇ ಮಾಡಿತು. ಒಂದೇ ದಿನ ಅದೇ ಪರೀಕ್ಷೆ ಎರಡು ಸಲ ಬಂದರೆ ಎರಡನೆಯದು ಮರುಪರೀಕ್ಷೆ ಎಂದು ಭಾವಿಸಿ ಅದನ್ನೇ ಕಳಿಸುವುದು ತಂತ್ರಾಂಶದ ಕ್ರಮ. ಶಹೀನಾಳ ನಿಜವಾದ ಎಣಿಕೆ ಅಡಿಯಲ್ಲಿ ಅಡಗಿತು. ನಾದಿನಿಯ ಆರೋಗ್ಯವಂತ ಎಣಿಕೆ ಅವಳ ಹೆಸರಿನಲ್ಲಿ ಹೋಯಿತು.

ನಿಜವಾದ ಎಣಿಕೆಯನ್ನು ಹುಡುಕಿ ಡಾ. ಮುಮ್ತಾಜ್‌ಗೆ ಓದಿ ಹೇಳಿದೆ.

"ಅವಳು ಈಗ್ಲೇ ಅಡ್ಮಿಟ್ ಆಗ್ಬೇಕು. ನೀವು ಮನೆಯವರಿಗೆ ಹೇಳಿ, ನಾನು ಅವಳ ಡಾಕ್ಟರಿಗೆ ಹೇಳ್ತೇನೆ."

ಅಶ್ರಫ್‌ಗೆ ಫೋನ್ ಮಾಡಿದೆ. ಅವರು ಬಸ್ಸಿನಲ್ಲಿದ್ದರು. ನಂತೂರಿನಲ್ಲಿ ಲಾರಿಗಳ ನಡುವೆ ಬಸ್ ಸಿಕ್ಕಿಕೊಂಡಿತ್ತು. ಹಾರ್ನ್‌ಗಳ ಮಧ್ಯೆ ಅವರ ಧ್ವನಿ ನೆಮ್ಮದಿಯಿಂದಲೇ ಇತ್ತು.

"ರಿಪೋರ್ಟ್ ಬಂತು ಮೇಡಂ, ಒಳ್ಳೆದುಂಟಲ್ಲ? ಮನೆಗೆ ಹೇಳಿ ಆಯ್ತು. ನಿನ್ನೆಯಿಂದ ಜ್ವರ ಕೂಡ ಬಿಟ್ಟಿದೆ. ಅವಳು ಇವತ್ತು ತಾಯಿ ಮನೆಗೆ ಹೋಗ್ತಾಳಂತೆ."

ಡೆಂಗಿಯಲ್ಲಿ ಜ್ವರ ಬಿಟ್ಟ ಮೇಲೆಯೇ ಅಪಾಯದ ದಿನಗಳು ಬರುತ್ತವೆ ಎಂದು ಡಾ. ಮುಮ್ತಾಜ್ ಎಷ್ಟೋ ಸಲ ಹೇಳಿದ್ದರು.

"ಆ ರಿಪೋರ್ಟ್ ಅವರದ್ದಲ್ಲ. ನಮ್ಮ ಕಡೆಯಿಂದ ತಪ್ಪಾಗಿದೆ," ಎಂದೆ. "ನಿಮ್ಮ ತಂಗಿಯದ್ದು ಅವರ ಹೆಸರಿನಲ್ಲಿ ಬಂದಿದೆ. ಅವರನ್ನು ಎಲ್ಲಿಗೂ ಕಳಿಸ್ಬೇಡಿ, ಆಸ್ಪತ್ರೆಗೆ ಸೇರಿಸ್ಬೇಕು."

"ಮನೆಯಲ್ಲಿ ಪ್ರಾಯದ ಉಮ್ಮ, ಜ್ವರದಲ್ಲಿರುವ ತಂಗಿ ಇಬ್ಬರೇ ಇರೋದು. ನಾನು ಇಲ್ಲಿಂದ ಹೋಗುವಾಗ ಎಷ್ಟು ಹೊತ್ತಾಗ್ತದೋ," ಎಂದರು.

ಕಾಟಿಪಳ್ಳದ ಕೇಂದ್ರಕ್ಕೆ ಫೋನ್ ಮಾಡಿದೆ. ಅಲ್ಲಿ ರಕ್ತ ತೆಗೆಯುತ್ತಿದ್ದ ಝುಬೈದಾಗೆ ಆ ಮನೆ ಗೊತ್ತಿತ್ತು. "ಎರಡು ಓಣಿ ಆಚೆ ಮೇಡಂ, ಈಗ್ಲೇ ಹೋಗ್ತೇನೆ," ಎಂದು ಕೌಂಟರ್ ಇನ್ನೊಬ್ಬರಿಗೆ ಒಪ್ಪಿಸಿ ಹೊರಟಳು.

ಇತ್ತ ನಮ್ಮ ಮುಂದೆ ಇನ್ನೊಂದು ಪ್ರಶ್ನೆ. ಇಂಥ ಮನೆಗಳು ಇನ್ನೆಷ್ಟು? ಹಳೆಯ ಕಾಲವಾಗಿದ್ದರೆ ಸರ್ವರ್ ನಿಲ್ಲಿಸಿ, ಹಿಂದಿನ ದಿನದ ಬ್ಯಾಕಪ್ ತುಂಬಿಸಿ, ಸಂಜೆಯವರೆಗೆ ಎಲ್ಲ ಕೇಂದ್ರಗಳನ್ನೂ ಕಾಗದದ ಮೇಲೆ ನಡೆಸಬೇಕಿತ್ತು. ಅಂದು ಬೆಳಿಗ್ಗೆ ಬಂದ ಫಲಿತಾಂಶಗಳೂ ಅದರೊಂದಿಗೆ ಅಳಿಸಿಹೋಗುತ್ತಿದ್ದವು.

ಈ ಸೇವೆಯಲ್ಲಿ ಬೇರೊಂದು ದಾರಿ ಇತ್ತು. ಅದು ಪ್ರತಿಯೊಂದು ಬದಲಾವಣೆಯನ್ನೂ ಆಗಿಂದಾಗ ಬ್ಯಾಕಪ್‌ಗೆ ಸೇರಿಸುತ್ತಲೇ ಇರುತ್ತದೆ. ಹಾಗಾಗಿ ಕಳೆದುಹೋದ ಯಾವುದೇ ಕ್ಷಣವನ್ನು ತೋರಿಸಿ, ಆಗ ಹೇಗಿತ್ತೋ ಹಾಗೆ ಇನ್ನೊಂದು ಪ್ರತಿ ಮಾಡಿಕೊಡು ಎಂದು ಕೇಳಬಹುದು. ಪ್ರೋಗ್ರಾಂ ಓಡುವ ಮುಂಚಿನ ಕ್ಷಣವನ್ನು ಕೊಟ್ಟೆ. ನಿತೇಶ ಪಕ್ಕದಲ್ಲಿ ನಿಂತಿದ್ದ. ಆಗಷ್ಟೇ ತಂದಿಟ್ಟ ಕಾಫಿ ಆರುವ ಮೊದಲೇ ಆ ಬೆಳಗ್ಗಿನ ಸರಿಯಾದ ಡೇಟಾಬೇಸ್ ಪ್ರತಿಯಾಗಿ ನಮ್ಮ ಮುಂದೆ ಬಂದು ನಿಂತಿತು. ಅದರಲ್ಲಿ ಇಬ್ಬರು ಫಾತಿಮಾ ಬೇರೆ ಬೇರೆಯಾಗಿಯೇ ಇದ್ದರು. ಅಸಲಿ ಡೇಟಾಬೇಸ್ ಒಂದು ಕ್ಷಣವೂ ನಿಂತಿರಲಿಲ್ಲ. ಹೊಸ ಮಾದರಿಗಳು ಬರುತ್ತಲೇ ಇದ್ದವು.

"ಇದು ಎಂತ ಮಾರಾಯ," ಎಂದು ನಿತೇಶ ತನಗೆ ತಾನೇ ಅಂದುಕೊಂಡ.

ಪ್ರತಿ ರಕ್ತದ ಟ್ಯೂಬಿಗೂ ಅಂಟಿಸಿದ ಬಾರ್‌ಕೋಡ್ ಹಿಡಿದು, ಯಾವ ರಕ್ತ ಯಾರದ್ದು ಎಂಬುದನ್ನು ಎರಡೂ ಕಡೆ ಹೋಲಿಸಿದೆವು. ವರ್ಷಗಳ ಮಾಹಿತಿಯನ್ನು ಸಾಲುಸಾಲಾಗಿ ಹೋಲಿಸುವ ಭಾರಿ ಕೆಲಸ ಅದು. ಹಳೆಯ ಸರ್ವರ್ ಆಗಿದ್ದರೆ ಅಷ್ಟಕ್ಕೇ ಮಲಗಿಬಿಡುತ್ತಿತ್ತು. ಪರದೆಯ ಗೆರೆ ಸದ್ದಿಲ್ಲದೆ ಮೇಲೇರಿತು, ಕೌಂಟರುಗಳಲ್ಲಿ ಯಾರಿಗೂ ವ್ಯತ್ಯಾಸವೇ ತಿಳಿಯಲಿಲ್ಲ. ಬೆರೆತುಹೋದ ಖಾತೆಗಳೆಲ್ಲ ಸಿಕ್ಕಿದವು, ಅವನ್ನು ಮತ್ತೆ ಬೇರೆ ಮಾಡಿದೆವು. ಬಹುತೇಕ ಎಲ್ಲವೂ ಒಂದೇ ಫೋನ್ ಇರುವ ಕೂಡುಕುಟುಂಬಗಳದ್ದು. ಮೇರಿಗಳಿದ್ದರು, ಲಕ್ಷ್ಮಿಗಳಿದ್ದರು, ಅಬ್ದುಲ್‌ಗಳಿದ್ದರು. ಹೆಚ್ಚಿನ ವರದಿಗಳು ಇನ್ನೂ ಹೊರಗೆ ಹೋಗಿರಲಿಲ್ಲ. ತಪ್ಪು ವರದಿ ತಲುಪಿದ್ದ ಕೆಲವರಿಗೆ ಡಾ. ಮುಮ್ತಾಜ್ ಮತ್ತು ನಾನು ಒಬ್ಬೊಬ್ಬರಿಗೇ ಫೋನ್ ಮಾಡಿ ತಪ್ಪೊಪ್ಪಿಕೊಂಡು ಸರಿಯಾದ ವರದಿ ಕಳಿಸಿದೆವು. ಅಪಾಯದಲ್ಲಿದ್ದವಳು ಶಹೀನಾ ಒಬ್ಬಳೇ.

ಝುಬೈದಾ ಹೋದಾಗ ಅವಳು ಮಗುವಿನ ಬಟ್ಟೆ ಚೀಲಕ್ಕೆ ತುಂಬುತ್ತಿದ್ದಳಂತೆ. ಹೊಟ್ಟೆನೋವು ಬೆಳಗ್ಗಿನಿಂದಲೇ ಇತ್ತು. ರಿಪೋರ್ಟ್ ಒಳ್ಳೆಯದಿದೆ ಎಂದು ಕೇಳಿ ಯಾರಿಗೂ ಹೇಳಿರಲಿಲ್ಲ. ಎದ್ದು ನಿಂತಾಗ ತಲೆ ಸುತ್ತಿ ಗೋಡೆ ಹಿಡಿದಳು. ಝುಬೈದಾ ಆಟೋ ತರಿಸಿ, ಮಗುವನ್ನು ಅತ್ತೆಯ ಕೈಯಲ್ಲಿ ಕೊಟ್ಟು, ತಾನೇ ಆಸ್ಪತ್ರೆಗೆ ಕರೆದುಕೊಂಡು ಹೋದಳು. ವೈದ್ಯರು ಮೊದಲೇ ಸುದ್ದಿ ತಿಳಿದು ಕಾದಿದ್ದರು. ರಕ್ತದೊತ್ತಡ ಇಳಿಯತೊಡಗಿತ್ತು. ಒಂದು ಬಸ್ ಪ್ರಯಾಣ, ತಾಯಿ ಮನೆಯಲ್ಲಿ ಒಂದು ರಾತ್ರಿ ಕಳೆದಿದ್ದರೆ ಏನಾಗುತ್ತಿತ್ತು ಎಂದು ಅವರು ಡಾ. ಮುಮ್ತಾಜ್ ಬಳಿ ಹೇಳಿದ್ದನ್ನು ನಾನು ಇಲ್ಲಿ ಬರೆಯುವುದಿಲ್ಲ. ಅವಳು ಗುಣವಾಗಿ ಮನೆಗೆ ಹೋದಳು. ಅಶ್ರಫ್ ಫೋನ್ ಮಾಡಿ, "ಸಿಟ್ಟು ಉಂಟು ಮೇಡಂ, ಸುಳ್ಳು ಹೇಳುದಿಲ್ಲ. ಆದ್ರೆ ನೀವೇ ಫೋನ್ ಮಾಡಿ ಹೇಳಿದಿರಲ್ಲ," ಎಂದರು.

ಮುಂದಿನ ಸಭೆಯಲ್ಲಿ ಪಾಲುದಾರರೊಬ್ಬರು ಹಳೆಯ ಸರ್ವರಿಗೇ ಮರಳೋಣ ಎಂದರು. ಡಾ. ಮುಮ್ತಾಜ್ ತಲೆ ಅಲ್ಲಾಡಿಸಿದರು.

"ಹಳೆ ಸರ್ವರ್ ಇದ್ದಿದ್ರೆ ನಾನು ಫೋನ್ ಮಾಡಿದಾಗ ಲವೀನಾ 'ಈಗ ಆಗುದಿಲ್ಲ' ಅಂತಿದ್ರು. ಅವತ್ತು ಮೊದಲ ರಿಂಗಿಗೆ ತೆಗೆದ್ರು."

ನಿತೇಶನ ಕೆಲಸ ಹೋಗಲಿಲ್ಲ. ಪ್ರೋಗ್ರಾಮನ್ನು ಅವನೇ ಮತ್ತೆ ಬರೆದ. ಖಾತೆಗಳನ್ನು ಸೇರಿಸುವ ಮುನ್ನ ಕೇಂದ್ರದವರು ರೋಗಿಯನ್ನೇ ಕೇಳಿ ಒಪ್ಪಿಗೆ ಕೊಡಬೇಕೆಂಬ ನಿಯಮ ಬಂತು. ಆ ನಿಯಮ ಹೇಗಿರಬೇಕೆಂದು ತಿಳಿಯಲು ನಾನು ಒಂದು ಬೆಳಿಗ್ಗೆ ಕಾಟಿಪಳ್ಳದ ಕೌಂಟರಿನಲ್ಲಿ ಝುಬೈದಾಳ ಪಕ್ಕ ಕುಳಿತೆ. ನನ್ನ ಉದ್ಯೋಗದಲ್ಲಿ ಅದೇ ಮೊದಲ ಸಲ. ಡೇಟಾಬೇಸಿನ ಎಷ್ಟೋ ಲಕ್ಷ ಸಾಲುಗಳನ್ನು ಕಾಪಾಡಿದ್ದೆ, ಒಂದು ಸಾಲು ಹುಟ್ಟುವುದನ್ನು ಕಂಡಿರಲಿಲ್ಲ. ವಯಸ್ಸಾದ ಹೆಂಗಸೊಬ್ಬರು ಬಂದರು. ಝುಬೈದಾ ಫೋನ್ ನಂಬರ್ ಕೇಳಿದಳು. ಅವರು ಸ್ವಲ್ಪ ಯೋಚಿಸಿ, "ಯಾರದ್ದು ಕೊಡ್ಲಿ?" ಎಂದರು.

ಡೇಟಾಬೇಸ್ ತನ್ನನ್ನು ತಾನೇ ನೋಡಿಕೊಳ್ಳಲು ಕಲಿತದ್ದರಿಂದ ನನ್ನ ಕೈಗೆ ಬಂದದ್ದು ಆ ಪ್ರಶ್ನೆಯನ್ನು ಕೇಳಿಸಿಕೊಳ್ಳುವಷ್ಟು ಪುರುಸೊತ್ತು. ಉಳಿದ ವರ್ಷಗಳಲ್ಲಿ ಕೌಂಟರುಗಳಲ್ಲಿ ಕುಳಿತು ಇಂಥ ಪ್ರಶ್ನೆಗಳನ್ನು ಕೇಳಿ, ಅದಕ್ಕೆ ತಕ್ಕಂತೆ ತಂತ್ರಾಂಶವನ್ನು ತಿದ್ದಿಸುವುದೇ ನನ್ನ ನೌಕರಿಯಾಯಿತು.